ಉಪ್ಪುನೀರಿನ ತೊಟ್ಟಿ: ಕಲ್ಲಿನ ಮೇಲೆ ಪಾಚಿ ಕಟ್ಟಿದಾಗ
ಓದುಗರ ಪ್ರಶ್ನೆ, ತಜ್ಞರ ಉತ್ತರ

ಸಮುದ್ರದ ಮೀನು, ಹವಳ ಸಾಕುವ ಉಪ್ಪುನೀರಿನ ತೊಟ್ಟಿ ಇಟ್ಟವರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಲ್ಲಿನ ಮೇಲಿನ ಪಾಚಿಯ ಬಗ್ಗೆ. ‘ಯಾವ ಔಷಧಿ ಹಾಕಬೇಕು?’ ಎಂದು ಹಲವರು ಕೇಳಿದ್ದಾರೆ. ಆ ಮಾತಿಗೆ ಬರುವ ಮೊದಲು ಬೆಳೆದಿರುವುದು ಏನು, ಅದು ಏನನ್ನು ಉಂಡು ಬೆಳೆಯುತ್ತಿದೆ ಎಂಬುದು ಗೊತ್ತಿರಬೇಕು. ಒಂದು ಪಾಚಿಗೆ ಮದ್ದಾಗುವ ಕ್ರಮ ಇನ್ನೊಂದಕ್ಕೆ ಗೊಬ್ಬರವಾಗುತ್ತದೆ.

ಪ್ರಶ್ನೆ: ತೊಟ್ಟಿ ಶುರು ಮಾಡಿ ಐದು ವಾರವಾಯಿತು. ಕಲ್ಲು, ಮರಳು, ಗಾಜು ಎಲ್ಲದರ ಮೇಲೂ ಕಂದು ದೂಳು ಕೂತಂತೆ ಕಾಣುತ್ತದೆ. ಒರೆಸಿದರೆ ಹೋಗುತ್ತದೆ, ಎರಡೇ ದಿನಕ್ಕೆ ಮತ್ತೆ ಬರುತ್ತದೆ. ಕಲ್ಲುಗಳನ್ನು ಹೊರತೆಗೆದು ನಲ್ಲಿ ನೀರಿನಲ್ಲಿ ತೊಳೆದುಬಿಡಲೇ?

ಉತ್ತರ: ಖಂಡಿತ ಬೇಡ. ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಈಗಷ್ಟೇ ಆ ಕಲ್ಲುಗಳಲ್ಲಿ ನೆಲೆಯೂರುತ್ತಿವೆ. ನಲ್ಲಿ ನೀರಿನ ಕ್ಲೋರಿನ್‌ಗೆ ಸಿಕ್ಕರೆ ಐದು ವಾರದ ಕೆಲಸ ಹಾಳು.

ನೀವು ನೋಡುತ್ತಿರುವುದು ಡಯಾಟಮ್. ಸಿಲಿಕಾದಿಂದ ತನ್ನ ಕವಚ ಕಟ್ಟಿಕೊಳ್ಳುವ ಏಕಕೋಶ ಪಾಚಿ ಇದು. ಹೊಸ ಮರಳು, ಹೊಸ ಕಲ್ಲುಗಳಿಂದ ಬಿಡುಗಡೆಯಾಗುವ ಸಿಲಿಕೇಟ್ ಮುಗಿದರೆ ಕೆಲವು ವಾರಗಳಲ್ಲಿ ತಾನಾಗಿಯೇ ಹಿಂದೆ ಸರಿಯುತ್ತದೆ. ಅಲ್ಲಿಯವರೆಗೆ ದೀಪವನ್ನು ದಿನಕ್ಕೆ 6 ಗಂಟೆಗೆ ಇಳಿಸಿ, ಗಾಜನ್ನು ಒರೆಸಿ, ಸಾಕು. ಎರಡು ತಿಂಗಳು ಕಳೆದರೂ ಹೋಗದಿದ್ದರೆ ನೀರನ್ನು ಅನುಮಾನಿಸಿ. ಆರ್‌ಒ ಯಂತ್ರದ ಕೊನೆಯಲ್ಲಿದ್ದು, ಉಳಿದ ಲವಣಗಳನ್ನು ಹಿಡಿಯುವ ಡಿಐ ರಾಳ ಸವೆಯುತ್ತ ಬಂದಾಗ ಮೊದಲು ನುಸುಳಿಕೊಳ್ಳುವುದು ಸಿಲಿಕೇಟ್. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಮೀಟರ್ 1 ಎಂದು ತೋರಿಸುವವರೆಗೆ ಕಾಯದೆ, ರಾಳದ ಬಣ್ಣ ಮುಕ್ಕಾಲು ಭಾಗ ಬದಲಾದಾಗಲೇ ಹೊಸದನ್ನು ತುಂಬಿ.

ಡಯಾಟಮ್ ಹೋದ ಮೇಲೆ ತೆಳುವಾದ ಹಸಿರು ಪದರ ಬರುತ್ತದೆ. ಅದೂ ಸಹಜ. ಮೊದಲ ಬಸವನಹುಳುಗಳನ್ನು ಬಿಡಲು ಅದೇ ಸರಿಯಾದ ಹೊತ್ತು.

ಪ್ರಶ್ನೆ: 200 ಲೀಟರ್ ತೊಟ್ಟಿ, ಎಂಟು ತಿಂಗಳಾಗಿದೆ. ಕಲ್ಲುಗಳ ಮೇಲೆ ಬೆರಳುದ್ದ ಹಸಿರು ಕೂದಲಿನಂಥ ಪಾಚಿ. ಕಿಟ್‌ನಲ್ಲಿ ನೋಡಿದರೆ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ತಿನ್ನಲು ಏನೂ ಇಲ್ಲದೆ ಇದು ಹೇಗೆ ಬೆಳೆಯುತ್ತಿದೆ?

ಉತ್ತರ: ತಿನ್ನಲು ಬೇಕಾದಷ್ಟಿದೆ. ಅದು ನೀರಿನಲ್ಲಿಲ್ಲ, ಪಾಚಿಯ ಒಡಲಲ್ಲಿದೆ, ಕಲ್ಲಿನಲ್ಲಿದೆ. ಬಿಡುಗಡೆಯಾದ ಗಳಿಗೆಯಲ್ಲೇ ಪಾಚಿ ಹೀರಿಕೊಳ್ಳುವುದರಿಂದ ನೀರಿನ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಕಿಟ್‌ನ ಮಿತಿಯೂ ಇದೆ. ಬಣ್ಣದ ಚೀಟಿಗೆ ಹೋಲಿಸಿ ನೋಡುವ ಕೆಲವು ಕಿಟ್‌ಗಳಲ್ಲಿ ಫಾಸ್ಫೇಟಿಗೆ ಸೊನ್ನೆಯ ನಂತರದ ಅಂಕವೇ 0.25 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ನಮಗೆ ಬೇಕಾದ ಮಟ್ಟವೋ 0.03ರಿಂದ 0.1. ಈ ವ್ಯತ್ಯಾಸ ಅಂಥ ಕಿಟ್‌ಗೆ ಕಾಣುವುದೇ ಇಲ್ಲ. ಕಡಿಮೆ ಮಟ್ಟ ಅಳೆಯುವ ಡಿಜಿಟಲ್ ಕಲರಿಮೀಟರ್ ಬೇಕು. ಅದು ಫಾಸ್ಫರಸ್ ಲೆಕ್ಕದಲ್ಲಿ ಪಿಪಿಬಿ (ಪಿಪಿಎಂನ ಸಾವಿರದಲ್ಲೊಂದು ಪಾಲು) ತೋರಿಸುವುದಾದರೆ 3.07ರಿಂದ ಗುಣಿಸಿ 1000ದಿಂದ ಭಾಗಿಸಿ. 10 ಪಿಪಿಬಿ ಎಂದರೆ ಸುಮಾರು 0.03 ಪಿಪಿಎಂ ಫಾಸ್ಫೇಟ್.

ಫಾಸ್ಫೇಟ್ ಎಲ್ಲಿಂದ ಬಂತು? ಒಣ ಆಹಾರದಲ್ಲಿ ತೂಕದ ಸುಮಾರು ಶೇ. 1ರಷ್ಟು ಫಾಸ್ಫರಸ್ ಇರುತ್ತದೆ. 1 ಗ್ರಾಂ ಆಹಾರ ಹಾಕಿದರೆ 10 ಮಿಲಿಗ್ರಾಂ ಫಾಸ್ಫರಸ್, ಅಂದರೆ 30 ಮಿಲಿಗ್ರಾಂ ಫಾಸ್ಫೇಟ್ ಒಳಗೆ ಹೋದಂತೆ. ಎಲ್ಲವೂ ನೀರಿನಲ್ಲೇ ಉಳಿದರೆ ನಿಮ್ಮ 200 ಲೀಟರಿನಲ್ಲಿ ಅದು 0.15 ಪಿಪಿಎಂ. ಇದು ಒಂದೇ ದಿನದ ಲೆಕ್ಕ. ಎಂಟು ತಿಂಗಳಲ್ಲಿ ಒಳಗೆ ಹೋದದ್ದರಲ್ಲಿ ನೊರೆಯೊಂದಿಗೆ ಕೊಳೆ ಎತ್ತುವ ಸ್ಕಿಮ್ಮರ್, ನೀರು ಬದಲಾವಣೆ, ಸೋಸುವ ಚೀಲವಾದ ಫಿಲ್ಟರ್ ಸಾಕ್ಸ್ ಎಷ್ಟನ್ನು ಹೊರಗೆ ತಂದಿವೆ? ಉಳಿದದ್ದು ಕಲ್ಲಿಗೆ ಅಂಟಿಕೊಳ್ಳುತ್ತದೆ. ತೊಟ್ಟಿಯ ಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದರ ಮೈ ಫಾಸ್ಫೇಟನ್ನು ಹಿಡಿದಿಡುತ್ತದೆ. ನೀರಿನಲ್ಲಿ ಹೆಚ್ಚಾದಾಗ ಹೀರಿ, ನೀರಿನಲ್ಲಿ ಕಡಿಮೆಯಾದಾಗ ಬಿಡುತ್ತದೆ. ಎಷ್ಟು ನೀರು ಬದಲಿಸಿದರೂ ಮೂರು ದಿನಕ್ಕೆ ಫಾಸ್ಫೇಟ್ ಮೊದಲಿನಷ್ಟೇ ಆಗುವುದು ಇದರಿಂದಲೇ. ಪಾಚಿ ಗಾಜಿನ ಮೇಲಿಗಿಂತ ಕಲ್ಲಿನ ಮೇಲೆ ಹುಲುಸಾಗಿರುವುದಕ್ಕೂ ಇದೊಂದು ಕಾರಣ: ಬೇರೂರಲು ಒರಟು ಜಾಗ, ಕೆಳಗಿನಿಂದಲೇ ಊಟ.

ಹಾಗಾಗಿ ಮೊದಲ ಕೆಲಸ ಕೈಯಿಂದ ಕೀಳುವುದು. ಬೇಸರದ ಕೆಲಸ ನಿಜ, ಆದರೆ ಇದಕ್ಕೆ ಬದಲಿ ಇಲ್ಲ. ಪಾಚಿಯನ್ನು ತೊಟ್ಟಿಯೊಳಗೇ ಕೊಂದರೆ ಅದು ಕೊಳೆತು, ಉಂಡದ್ದನ್ನೆಲ್ಲ ನೀರಿಗೆ ಮರಳಿಸುತ್ತದೆ. ಕಿತ್ತು ಹೊರಹಾಕಿದ ಒಂದೊಂದು ಹಿಡಿ ಪಾಚಿಯೂ ತೊಟ್ಟಿಯಿಂದ ಹೊರಬಿದ್ದ ಫಾಸ್ಫೇಟ್.

ನೀರು ಬದಲಿಸುವ ದಿನವೇ ಮಾಡಿ. ಹೊಸ ಉಪ್ಪುನೀರು 40 ಲೀಟರ್ ಮೊದಲೇ ಸಿದ್ಧವಿರಲಿ, ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಉಷ್ಣತೆ ತೊಟ್ಟಿಯಷ್ಟೇ. ಕೈಗವಸು ಹಾಕಿಕೊಳ್ಳಿ. ಜೋಆಂತಿಡ್ ಜಾತಿಯ ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡು ವಿಷ ಇರಬಹುದು, ಕೈಯಲ್ಲಿ ಗಾಯವಿದ್ದರೆ ಅಪಾಯ. ಪಂಪ್‌ಗಳನ್ನು ನಿಲ್ಲಿಸಿ. ಸಡಿಲವಾಗಿ ಎತ್ತಬಹುದಾದ ಕಲ್ಲುಗಳನ್ನು ತೊಟ್ಟಿಯ ನೀರನ್ನೇ ತುಂಬಿದ ಬಕೆಟ್ಟಿನಲ್ಲಿಟ್ಟು, ಬುಡದಿಂದ ತಿರುಚಿ ಕೀಳಿ, ಉಳಿದದ್ದನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ. ಇನ್ನೊಂದು ಬಕೆಟ್ಟಿನ ಉಪ್ಪುನೀರಿನಲ್ಲಿ ಅಲುಗಾಡಿಸಿ ತೊಳೆದು ಹಿಂದಕ್ಕಿಡಿ. ಎತ್ತಲಾಗದ ಕಲ್ಲುಗಳಿಗೆ, ಸುಮಾರು 10 ಮಿ.ಮೀ. ಒಳಗಾತ್ರದ ಪೈಪಿನ ಬಾಯಿಗೆ ಹಲ್ಲುಜ್ಜುವ ಬ್ರಷ್ ಕಟ್ಟಿಕೊಳ್ಳಿ. ಉಜ್ಜಿದ ಚೂರು ತೇಲಿಹೋಗುವ ಮೊದಲೇ ಪೈಪ್ ಅದನ್ನು ಎಳೆದುಕೊಳ್ಳುತ್ತದೆ. ತೇಲಿದ ಚೂರು ಇನ್ನೊಂದು ಕಲ್ಲಿಗೆ ಅಂಟಿ ಅಲ್ಲಿ ಬೆಳೆಯುವುದೇ ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು. 40 ಲೀಟರ್ ಹೊರಗೆ ಹೋದ ಮೇಲೂ ಪಾಚಿ ಉಳಿದಿದ್ದರೆ ಪೈಪಿನ ಇನ್ನೊಂದು ತುದಿಯನ್ನು ಸಂಪ್‌ನಲ್ಲಿ, ಅಂದರೆ ತೊಟ್ಟಿಗೆ ಜೋಡಿಸಿದ ಫಿಲ್ಟರ್ ಪೆಟ್ಟಿಗೆಯಲ್ಲಿರುವ 200 ಮೈಕ್ರಾನ್ ಸಾಕ್ಸ್‌ನೊಳಗೆ ಬಿಡಿ. ನೀರು ತೊಟ್ಟಿಗೆ ಮರಳುತ್ತದೆ, ಪಾಚಿ ಸಾಕ್ಸ್‌ನಲ್ಲಿ ನಿಲ್ಲುತ್ತದೆ. ಆ ಸಾಕ್ಸನ್ನು ಅಂದೇ ತೆಗೆಯಿರಿ.

ಇದನ್ನು ನಾಲ್ಕೈದು ದಿನಕ್ಕೊಮ್ಮೆಯಂತೆ ಮೂರು ವಾರ ಮಾಡಬೇಕು. ಒಂದೇ ಸಲ ಕಿತ್ತು ಬಿಟ್ಟರೆ ಬುಡದಲ್ಲಿ ಉಳಿದದ್ದು ಹದಿನೈದು ದಿನಕ್ಕೆ ಮತ್ತೆ ಬೆರಳುದ್ದ ಆಗುತ್ತದೆ.

ಜೊತೆಗೆ ಕಲ್ಲಿನ ಸಂದುಗಳಲ್ಲಿ ಕೂತ ಗಸಿಯನ್ನು ವಾರಕ್ಕೆರಡು ಬಾರಿ ದೊಡ್ಡ ಪಿಪೆಟ್‌ನಿಂದ ಊದಿ ಎಬ್ಬಿಸಿ, ಸಾಕ್ಸ್‌ಗೆ ಸಿಗುವಂತೆ ಮಾಡಿ. 200 ಲೀಟರಿಗೆ ಒಳಗಿನ ಪಂಪ್‌ಗಳು ಗಂಟೆಗೆ ಒಟ್ಟು 4000ದಿಂದ 6000 ಲೀಟರ್ ನೀರು ತಳ್ಳುವಂತಿರಲಿ. ಆಹಾರವನ್ನು ಎರಡು ನಿಮಿಷದಲ್ಲಿ ಮೀನು ಮುಗಿಸುವಷ್ಟಕ್ಕೆ ಇಳಿಸಿ. ಹೆಪ್ಪುಗಟ್ಟಿಸಿದ ಆಹಾರವನ್ನು ತೊಳೆದು ಹಾಕುವುದು ಒಳ್ಳೆಯದೇ, ಆದರೆ ಫಾಸ್ಫೇಟಿನ ಹೆಚ್ಚಿನ ಪಾಲು ಆಹಾರದ ಒಳಗೇ ಇರುವುದರಿಂದ ಅದೊಂದರಿಂದ ದೊಡ್ಡ ವ್ಯತ್ಯಾಸ ನಿರೀಕ್ಷಿಸಬೇಡಿ.

ಪಾಚಿ ತೆಗೆದ ಮೇಲೆ ಫಾಸ್ಫೇಟ್ ಅಂಕ ಮೇಲೇರಿದರೆ ಗಾಬರಿ ಬೇಡ. ಉಣ್ಣುವವರು ಹೋದ ಮೇಲೆ ಕಲ್ಲಿನಲ್ಲಿದ್ದದ್ದು ಈಗ ಕಣ್ಣಿಗೆ ಬೀಳುತ್ತಿದೆ ಅಷ್ಟೆ. ಆಗ ಜಿಎಫ್‌ಒ, ಅಂದರೆ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಕಾಳು ಬಳಸಬಹುದು. ತಯಾರಕರು ಹೇಳಿದ ಪ್ರಮಾಣದ ಕಾಲು ಭಾಗದಿಂದ ಶುರು ಮಾಡಿ. ಕಂದು ನೀರು ನಿಲ್ಲುವವರೆಗೆ ಆರ್‌ಒ ನೀರಿನಲ್ಲಿ ತೊಳೆದು, ರಿಯಾಕ್ಟರ್ ಎಂಬ ಕೊಳವೆಗೆ ತುಂಬಿ, ಮೇಲ್ಪದರ ಮಾತ್ರ ಮೆಲ್ಲಗೆ ಕದಲುವಷ್ಟು ನೀರು ಹರಿಸಿ. 0.3ರಿಂದ 0.1ಕ್ಕೆ ಇಳಿಯಲು ನಾಲ್ಕೈದು ವಾರ ಹಿಡಿದರೆ ಅದೇ ಸರಿ. ಎರಡು ದಿನದಲ್ಲಿ ಇಳಿಸಿದರೆ ಕವಲೊಡೆಯುವ ಗಟ್ಟಿ ಹವಳಗಳು ಬುಡದಿಂದ ಬಿಳಿಚಿಕೊಂಡು ಅಂಗಾಂಶ ಕಳೆದುಕೊಳ್ಳಬಹುದು.

ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1. ಗುರಿ ಇದು, ಸೊನ್ನೆಯಲ್ಲ. ಸೊನ್ನೆಯ ಹಿಂದೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂದಿನ ಪತ್ರವೇ ಉದಾಹರಣೆ.

ಪ್ರಶ್ನೆ: ಪಾಚಿ ಬರಬಾರದೆಂದು ಜಿಎಫ್‌ಒ ಹಾಕಿ, ವಾರಕ್ಕೆ ಎರಡು ಸಲ ನೀರು ಬದಲಿಸುತ್ತಿದ್ದೆ. ಈಗ ಕಲ್ಲಿನ ಮೇಲೆ ಕಂದು ಬಣ್ಣದ ಸಿಂಬಳದಂಥ ಎಳೆಗಳು, ತುದಿಯಲ್ಲಿ ಗುಳ್ಳೆಗಳು. ರಾತ್ರಿ ಕಾಣೆಯಾಗಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ಬರುತ್ತದೆ. ಬಸವನಹುಳುಗಳು ಸಾಯುತ್ತಿವೆ.

ಉತ್ತರ: ನೀವು ಹೇಳಿದ ಲಕ್ಷಣಗಳೆಲ್ಲ ಡೈನೋಫ್ಲಾಜೆಲೇಟ್ (ಡೈನೋ) ಎಂಬ ಏಕಕೋಶ ಜೀವಿಯ ಕಡೆಗೇ ಬೆರಳು ತೋರುತ್ತಿವೆ. ಖಚಿತಪಡಿಸಿಕೊಳ್ಳಲು ಸುಲಭದ ದಾರಿ ಇದೆ. ಒಂದಿಷ್ಟು ಲೋಳೆಯನ್ನು ತೊಟ್ಟಿಯ ನೀರಿನೊಂದಿಗೆ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಸೋಸಿದ ನೀರನ್ನು ದೀಪದ ಕೆಳಗೆ ಒಂದು ಗಂಟೆ ಇಡಿ. ತಿಳಿನೀರಿನಲ್ಲಿ ಮತ್ತೆ ಎಳೆ ಕಟ್ಟಿಕೊಂಡರೆ ಡೈನೋ. ಸೂಕ್ಷ್ಮದರ್ಶಕ ಸಿಕ್ಕರೆ 400 ಪಟ್ಟು ಹಿಗ್ಗಿಸಿ ನೋಡಿ. ಹನಿಯಾಕಾರದ ಕೋಶ, ಚೂಪು ತುದಿಯನ್ನು ಕೀಲಾಗಿಟ್ಟುಕೊಂಡು ಗಿರಗಿರ ಸುತ್ತುತ್ತಿದ್ದರೆ ಆಸ್ಟ್ರಿಯಾಪ್ಸಿಸ್. ಮೊಟ್ಟೆಯಾಕಾರದಲ್ಲಿದ್ದು ಜಾರುತ್ತ ಸಾಗಿದರೆ ಆಂಫಿಡಿನಿಯಂ.

ಈ ಭೇದ ಮುಖ್ಯ. ಆಸ್ಟ್ರಿಯಾಪ್ಸಿಸ್ ರಾತ್ರಿ ನೀರಿಗಿಳಿದು ತೇಲುತ್ತದೆ. ನಿಮ್ಮಲ್ಲಿ ರಾತ್ರಿ ಕಾಣೆಯಾಗುವುದರಿಂದ ಇದೇ ಇರುವ ಸಾಧ್ಯತೆ ಹೆಚ್ಚು. ತೊಟ್ಟಿಯ ನೀರನ್ನೇ ಎಳೆದು ತೊಟ್ಟಿಗೇ ಬಿಡುವಂತೆ, ತೇಲುವ ಕೋಶಗಳನ್ನು ಕೊಲ್ಲುವ ಯುವಿ (ನೇರಳಾತೀತ) ದೀಪ ಜೋಡಿಸಿದರೆ ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತದೆ. ಆಂಫಿಡಿನಿಯಂನ ದೊಡ್ಡ ಕೋಶದ ಬಗೆ ಮರಳು ಬಿಟ್ಟು ಏಳುವುದಿಲ್ಲ, ಯುವಿ ಅದಕ್ಕೆ ತಾಗುವುದೇ ಇಲ್ಲ. ಅಲ್ಲಿ ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸಿ, ಜಾಗಕ್ಕೆ ಪೈಪೋಟಿ ಒಡ್ಡುವುದು ಫಲ ಕೊಡುತ್ತದೆ.

ಯಾವುದೇ ಆಗಲಿ, ಜಿಎಫ್‌ಒ ಇಂದೇ ತೆಗೆಯಿರಿ. ನೀರು ಬದಲಾವಣೆ ನಿಲ್ಲಿಸಿ. ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ತಳ ಕಂಡಾಗ ಪೈಪೋಟಿಯ ಪಾಚಿಗಳೂ ಬ್ಯಾಕ್ಟೀರಿಯಾಗಳೂ ಸೊರಗಿ, ಡೈನೋಗೆ ಜಾಗ ಬಿಟ್ಟುಕೊಟ್ಟಿವೆ. ನೈಟ್ರೇಟನ್ನು 5ರ ಮೇಲೆ, ಫಾಸ್ಫೇಟನ್ನು 0.05ರ ಮೇಲೆ ತನ್ನಿ. ಲೆಕ್ಕ ಹೀಗೆ: ಸೋಡಿಯಂ ನೈಟ್ರೇಟ್‌ನ ತೂಕದಲ್ಲಿ ಶೇ. 73ರಷ್ಟು ನೈಟ್ರೇಟ್ ಇರುತ್ತದೆ. 200 ಲೀಟರಿನಲ್ಲಿ 1 ಪಿಪಿಎಂ ಏರಿಸಲು 0.27 ಗ್ರಾಂ ಬೇಕು. ದಿನಕ್ಕೆ 1ರಿಂದ 2 ಪಿಪಿಎಂಗಿಂತ ಹೆಚ್ಚು ಏರಿಸಬೇಡಿ. ಫಾಸ್ಫೇಟನ್ನು ಕಲ್ಲು ಹೀರಿಕೊಳ್ಳುವುದರಿಂದ ಹಾಕಿದ ಮರುದಿನವೇ ಸೊನ್ನೆ ತೋರಿಸಬಹುದು. ದಿನವೂ ಅಳೆದು ದಿನವೂ ಹಾಕುತ್ತಿರಬೇಕು, ಕಲ್ಲು ತಣಿಯಲು ವಾರಗಳೇ ಬೇಕು. ಡೈನೋ ಬಿಡುವ ವಿಷ ಹೀರಲು ಹೊಸ ಕಾರ್ಬನ್ (ಸಕ್ರಿಯ ಇದ್ದಿಲು) ಇಡಿ, ಉಳಿದ ಬಸವನಹುಳುಗಳನ್ನು ಬೇರೆ ತೊಟ್ಟಿಗೆ ಸಾಗಿಸಿ.

ಮಧ್ಯೆ ಹಸಿರು ಪಾಚಿ ಕಾಣಿಸಿಕೊಂಡರೆ ಸಂತೋಷಪಡಿ. ಡೈನೋ ಸೋಲುತ್ತಿದೆ ಎಂಬುದರ ಗುರುತು ಅದು.

ಪ್ರಶ್ನೆ: ಕಡುಗೆಂಪು ಬಟ್ಟೆ ಹೊದಿಸಿದಂತೆ ಒಂದು ಪದರ ಕಲ್ಲನ್ನು ಮುಚ್ಚಿದೆ. ಚಿಮುಟದಲ್ಲಿ ಹಿಡಿದರೆ ಹಾಳೆಯಾಗಿ ಏಳುತ್ತದೆ. ಇದು ಯಾವ ಪಾಚಿ?

ಉತ್ತರ: ಇದು ಪಾಚಿಯೇ ಅಲ್ಲ, ಸೈನೋಬ್ಯಾಕ್ಟೀರಿಯಾ. ನೀರಿನ ಹರಿವು ಮುಟ್ಟದ ಮೂಲೆ, ಗಸಿ ತುಂಬಿದ ಸಂದು ಇದಕ್ಕೆ ಇಷ್ಟ. ಇವುಗಳಲ್ಲಿ ಕೆಲವು ನೀರಿನಲ್ಲಿ ಕರಗಿದ ಸಾರಜನಕ ಅನಿಲವನ್ನೇ ಬಳಸಿಕೊಳ್ಳಬಲ್ಲವು. ಹಾಗಾಗಿ ನೈಟ್ರೇಟ್ ಸೊನ್ನೆಯಾಗಿ ಫಾಸ್ಫೇಟ್ ಮಾತ್ರ ಉಳಿದ ತೊಟ್ಟಿಯಲ್ಲಿ ಮೇಲುಗೈ ಸಾಧಿಸುತ್ತವೆ. ಹಾಳೆಯನ್ನು ಪೈಪಿನಿಂದ ಎಳೆದು ತೆಗೆಯಿರಿ, ಪಂಪ್‌ನ ಮುಖ ಆ ಕಡೆ ತಿರುಗಿಸಿ, ಗಸಿ ಎಬ್ಬಿಸಿ. ಎರಡು ಮೂರು ವಾರ ಬಿಡದೆ ಮಾಡಿದರೆ ಹೆಚ್ಚಿನ ಕಡೆ ಇಷ್ಟಕ್ಕೇ ಹೋಗುತ್ತದೆ.

ಸೈನೋ ಕೊಲ್ಲುವ ಪುಡಿಗಳೂ ಇವೆ. ಬಳಸಲೇಬೇಕೆಂದರೆ ಮೊದಲು ಕೈಯಿಂದ ತೆಗೆಯುವಷ್ಟು ತೆಗೆದು, ಕಾರ್ಬನ್ ಹೊರಗಿಟ್ಟು, ಯುವಿ ಆರಿಸಿ, ಗಾಳಿಗುಳ್ಳೆ ಬಿಡುವ ಗಾಳಿಕಲ್ಲು ಹಾಕಿ. ಸತ್ತ ರಾಶಿ ಕೊಳೆಯುವಾಗ ಆಮ್ಲಜನಕ ಕುಸಿದು ರಾತ್ರಿ ಮೀನು ಸಾಯುವುದೇ ಇಲ್ಲಿ ಹೆಚ್ಚಾಗಿ ಆಗುವ ಅನಾಹುತ.

ಪ್ರಶ್ನೆ: ಪಾಚಿ ತಿನ್ನುವ ಜೀವಿಗಳನ್ನು ಬಿಟ್ಟರೆ ಸಾಲದೇ? ಯಾವುದನ್ನು, ಎಷ್ಟು ಬಿಡಬೇಕು?

ಉತ್ತರ: ಮೇಯುವವರು ಇಲ್ಲದ ಹವಳದ ದಿಬ್ಬ ಬದುಕುವುದಿಲ್ಲ ಎಂಬುದಕ್ಕೆ ಕೆರಿಬಿಯನ್ ಸಮುದ್ರವೇ ಸಾಕ್ಷಿ. 1983ರಲ್ಲಿ ಅಲ್ಲಿ ಡಯಡೀಮಾ ಎಂಬ ಉದ್ದ ಮುಳ್ಳಿನ ಅರ್ಚಿನ್‌ಗಳು (ಪಾಚಿ ಮೇಯುವ, ಮುಳ್ಳುಚೆಂಡಿನಂಥ ಕಡಲಜೀವಿಗಳು) ರೋಗಕ್ಕೆ ತುತ್ತಾಗಿ ಬಹುಪಾಲು ಸತ್ತವು. ಅತಿಯಾದ ಮೀನುಗಾರಿಕೆಯಿಂದ ಪಾಚಿ ತಿನ್ನುವ ಮೀನುಗಳೂ ಕಡಿಮೆಯಾಗಿದ್ದ ಜಮೈಕಾದಲ್ಲಿ, 1970ರ ದಶಕದ ಕೊನೆಗೆ ಶೇ. 50ರಷ್ಟಿದ್ದ ಹವಳದ ಹೊದಿಕೆ 1990ರ ದಶಕದ ಆರಂಭಕ್ಕೆ ಶೇ. 5ಕ್ಕಿಂತ ಕೆಳಗಿಳಿಯಿತು, ಪಾಚಿ ಶೇ. 90 ದಾಟಿತು. ಚಂಡಮಾರುತಗಳ ಪೆಟ್ಟೂ ಅದರಲ್ಲಿ ಸೇರಿತ್ತು. ಆದರೆ ಪೆಟ್ಟು ತಿಂದ ಜಾಗವನ್ನು ಪಾಚಿಯಿಂದ ಕಾಯುವವರೇ ಇರಲಿಲ್ಲ.

ತೊಟ್ಟಿಯಲ್ಲೂ ಅದೇ ನ್ಯಾಯ. ಒಂದು ಎಚ್ಚರ: ಬಸವನಹುಳು ಚಿಗುರು ಮೇಯುತ್ತದೆ, ಕಾಡು ಕಡಿಯುವುದಿಲ್ಲ. ಎರಡು ಮೂರು ಸೆಂಟಿಮೀಟರಿಗಿಂತ ಉದ್ದದ ಪಾಚಿಯನ್ನು ಹೆಚ್ಚಿನ ಬಗೆಗಳು ಮುಟ್ಟುವುದಿಲ್ಲ. ನೀವು ಕಿತ್ತ ಮೇಲೆ ಮತ್ತೆ ಏಳದಂತೆ ನೋಡಿಕೊಳ್ಳುವುದಷ್ಟೇ ಅವುಗಳ ಕೆಲಸ.

ಬಸವನಹುಳುಗಳಲ್ಲಿ 200 ಲೀಟರಿಗೆ 6ರಿಂದ 8 ಟ್ರೋಕಸ್, 2 ಟರ್ಬೋ, ಮರಳಿಗೆ 5 ಸೆರಿತ್. ಶುರುವಿಗೆ ಇಷ್ಟು ಸಾಕು. ಒಮ್ಮೆಗೇ ನಲವತ್ತು ಬಿಟ್ಟರೆ ತಿಂಗಳೊಳಗೆ ಹಸಿದು ಸತ್ತು, ಅವೇ ಪಾಚಿಗೆ ಗೊಬ್ಬರ. ಟ್ರೋಕಸ್ ಬೆನ್ನ ಮೇಲೆ ಬಿದ್ದರೂ ತಾನೇ ಮಗುಚಿಕೊಳ್ಳುತ್ತದೆ. ಅಸ್ಟ್ರಿಯಾ ಜಾತಿಗೆ ಅದು ಬಹಳ ಕಷ್ಟ, ಬಿದ್ದಲ್ಲೇ ಸಾಯುವುದುಂಟು. ಟರ್ಬೋ ಚೆನ್ನಾಗಿ ತಿನ್ನುತ್ತದೆ, ಆದರೆ ಅಂಟಿಸದ ಹವಳಗಳನ್ನು ಉರುಳಿಸುತ್ತದೆ. ಲವಣಾಂಶದ ವ್ಯತ್ಯಾಸ ಇವಕ್ಕೆ ಒಗ್ಗದು: ತಂದ ನೀರಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ 45ರಿಂದ 60 ನಿಮಿಷ ಬೆರೆಸಿ, ಆಮೇಲೆ ಬಿಡಿ. ಮೀನಿನ ರೋಗಕ್ಕೆಂದು ಹಿಂದೆ ತಾಮ್ರದ ಔಷಧಿ ಹಾಕಿದ್ದ ತೊಟ್ಟಿಯಲ್ಲಿ ಇವು ಬದುಕುವುದು ಅನುಮಾನ.

ಹಠಮಾರಿ ಪಾಚಿಗೆ ಟಕ್ಸೀಡೋ ಅರ್ಚಿನ್ ಒಂದೇ ಸಾಕು. ಕಲ್ಲನ್ನು ಕೆರೆದು ತಿನ್ನುತ್ತದೆ, ಜೊತೆಗೆ ಒಳ್ಳೆಯ ಪಾಚಿಯಾದ ನೇರಳೆ ಕೊರಲೈನ್ ಪದರವನ್ನೂ. ಬಸವನಹುಳುವಿನ ಬಳಗದ ಕಡಲಮೊಲ (ಸೀ ಹೇರ್) ಕೂದಲು ಪಾಚಿಯನ್ನು ಕೆಲವೇ ದಿನಗಳಲ್ಲಿ ಬರಿದು ಮಾಡುತ್ತದೆ. ಅದಾದ ಮೇಲೆ ಅದಕ್ಕೆ ಊಟವಿಲ್ಲ, ಪಾಚಿಯಿರುವ ಇನ್ನೊಂದು ತೊಟ್ಟಿಗೆ ಕೊಡುವ ಏರ್ಪಾಡಿದ್ದರೆ ಮಾತ್ರ ತನ್ನಿ. ಪಂಪ್‌ನ ಬಾಯಿಗೆ ಸ್ಪಂಜು ಕಟ್ಟಿ. ಸಿಕ್ಕಿಹಾಕಿಕೊಂಡರೆ ಅದು ಉಗುಳುವ ನೇರಳೆ ಶಾಯಿ ಇಡೀ ತೊಟ್ಟಿಗೆ ಕುತ್ತು. ಹಳದಿ ಟ್ಯಾಂಗ್‌ನಂಥ ಮೀನುಗಳನ್ನು ಪಾಚಿಗಾಗಿ 200 ಲೀಟರಿಗೆ ತರುವುದು ಸರಿಯಲ್ಲ. ಅವಕ್ಕೆ ಕನಿಷ್ಠ 120 ಸೆಂಟಿಮೀಟರ್ ಉದ್ದದ ತೊಟ್ಟಿ ಬೇಕು.

ಪ್ರಶ್ನೆ: ಯಾವ ಹುಳುವೂ ಮುಟ್ಟದ, ಗರಿಯಂತೆ ಎರಡೂ ಬದಿ ಕವಲೊಡೆದ ಪಾಚಿಯೊಂದು ಇದೆ. ಪಕ್ಕದಲ್ಲಿ ಹಸಿರು ಗಾಜಿನ ಗೋಲಿಗಳಂಥವೂ ಇವೆ.

ಉತ್ತರ: ಗರಿಯಂಥದ್ದು ಬ್ರಯಾಪ್ಸಿಸ್. ಔಷಧಿಯ ಮಾತು ಇಲ್ಲಿ ನ್ಯಾಯ. ಫಂಗಸ್ ರೋಗಕ್ಕೆ ಮನುಷ್ಯರಿಗೆ ಕೊಡುವ ಫ್ಲುಕೊನಜೋಲ್ ಇದನ್ನು ಕೊಲ್ಲುತ್ತದೆ. ಲೀಟರಿಗೆ 5 ಮಿಲಿಗ್ರಾಂ, ಅಂದರೆ 200 ಲೀಟರಿಗೆ 1000 ಮಿಲಿಗ್ರಾಂ. ಕಲ್ಲು, ಮರಳು ಹಿಡಿದ ಜಾಗ ಕಳೆದು ನಿಜವಾದ ನೀರಿನ ಅಳತೆಗೆ ಲೆಕ್ಕ ಹಾಕಿ. ಕಾರ್ಬನ್ ತೆಗೆದು, ಯುವಿ ಆರಿಸಿ, ಎರಡರಿಂದ ಮೂರು ವಾರ ನೀರು ಬದಲಿಸದೆ ಬಿಡಿ. ಮೊದಲ ವಾರ ಏನೂ ಆಗದಂತೆ ಕಾಣಬಹುದು. ಬಿಳಿಚಿ ಸಡಿಲವಾದಾಗ ಪೈಪಿನಿಂದ ಎಳೆದುಬಿಡಿ, ಕೊಳೆಯಲು ಬಿಡಬೇಡಿ. ಸಂಪ್‌ನಲ್ಲಿ ಬೇಕೆಂದೇ ಬೆಳೆಸಿದ ಪಾಚಿಯಿದ್ದರೆ ಮೊದಲೇ ಬೇರೆಡೆ ಇಡಿ.

ಗೋಲಿಗಳು ವ್ಯಾಲೋನಿಯಾ. ಒಡೆಯದಂತೆ ಬುಡದಿಂದ ಕಿತ್ತು, ಪೈಪ್ ಪಕ್ಕದಲ್ಲೇ ಹಿಡಿದು ತೆಗೆಯಿರಿ. ಎಮರಾಲ್ಡ್ ಏಡಿ ಸಣ್ಣ ಗೋಲಿಗಳನ್ನು ತಿನ್ನುತ್ತದೆ, ದೊಡ್ಡವನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ.

ಹೊರಗೆ ತೆಗೆಯಬಹುದಾದ ಸಣ್ಣ ಕಲ್ಲಾದರೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡನ್ನು ಪಾಚಿಯ ಮೇಲೆ ಮಾತ್ರ ಹನಿಸಿ, ಹವಳಕ್ಕೆ ತಾಗದಂತೆ 3ರಿಂದ 5 ನಿಮಿಷ ಬಿಟ್ಟು, ಉಪ್ಪುನೀರಿನಲ್ಲಿ ತೊಳೆದು ಹಿಂದಿಡಿ. ನೇರವಾಗಿ ತೊಟ್ಟಿಗೆ ಸುರಿಯಬೇಡಿ. ಸೀಗಡಿಗಳು ಅದನ್ನು ತಾಳಲಾರವು.

ಪ್ರಶ್ನೆ: ಮುಚ್ಚಿದ ತೊಟ್ಟಿಯೊಂದರ ಹಳೆಯ ಕಲ್ಲು ಸಿಕ್ಕಿದೆ. ಒಣಗಿದ ಪಾಚಿ, ಸತ್ತ ಹವಳ ಅಂಟಿಕೊಂಡಿವೆ. ನೀರಿನಲ್ಲಿ ಕುದಿಸಿ ಬಳಸಬಹುದೇ?

ಉತ್ತರ: ಕಲ್ಲನ್ನು ಎಂದಿಗೂ ಕುದಿಸಬೇಡಿ. ಜೋಆಂತಿಡ್ ಅಂಟಿದ್ದ ಕಲ್ಲಾದರೆ ಪ್ಯಾಲಿಟಾಕ್ಸಿನ್ ಆವಿಯೊಂದಿಗೆ ಎದ್ದು ಮನೆಮಂದಿಯೆಲ್ಲ ಆಸ್ಪತ್ರೆ ಸೇರುವ ಅಪಾಯವಿದೆ. ಒಣ ಕಲ್ಲನ್ನು ಉಜ್ಜಿ ದೂಳೆಬ್ಬಿಸುವುದೂ ಬೇಡ, ಮೊದಲು ನೆನೆಸಿ.

ಸುವಾಸನೆ, ಸಾಬೂನು ಬೆರೆಸದ ಬ್ಲೀಚ್ ಒಂದು ಪಾಲಿಗೆ ಹತ್ತು ಪಾಲು ನೀರು ಸೇರಿಸಿ, ಬಯಲಿನಲ್ಲಿ 24 ಗಂಟೆ ಮುಳುಗಿಸಿಡಿ. ಬ್ಲೀಚ್ ಇರುವಲ್ಲಿಗೆ ಯಾವ ಆಮ್ಲವನ್ನೂ ತರಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಆಮೇಲೆ ಮೂರು ನೀರಿನಲ್ಲಿ ತೊಳೆದು, ಕ್ಲೋರಿನ್ ತೆಗೆಯುವ ಸೋಡಿಯಂ ಥಯೊಸಲ್ಫೇಟ್ ಹಾಕಿದ ನೀರಿನಲ್ಲಿ ಒಂದು ದಿನ ಇಟ್ಟು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಒಣಹಾಕಿ.

ಇಷ್ಟಕ್ಕೇ ನಿಲ್ಲಿಸಿದರೆ ಕಲ್ಲು ಬೆಳ್ಳಗೆ ಕಾಣುತ್ತದೆ, ಒಳಗಿನ ಫಾಸ್ಫೇಟ್ ಹಾಗೇ ಉಳಿದಿರುತ್ತದೆ. ಬೆಳಕು ಬೀಳದ ಡ್ರಮ್ಮಿನಲ್ಲಿ ಉಪ್ಪುನೀರು, ಹೀಟರ್, ಪಂಪ್ ಹಾಕಿ ಕಲ್ಲಿಟ್ಟು ವಾರಕ್ಕೊಮ್ಮೆ ಫಾಸ್ಫೇಟ್ ಅಳೆಯಿರಿ. 0.1ಕ್ಕಿಂತ ಹೆಚ್ಚಿದ್ದರೆ ನೀರು ಬದಲಿಸಿ, ಮುಂದಿನ ವಾರ ಮತ್ತೆ ನೋಡಿ. ಎರಡು ವಾರ ಸತತವಾಗಿ 0.1ರ ಒಳಗಿದ್ದರೆ ಕಲ್ಲು ಸಿದ್ಧ. ಆರರಿಂದ ಎಂಟು ವಾರ ಹಿಡಿಯಬಹುದು. ಇದೇ ಡ್ರಮ್ಮಿನಲ್ಲಿ ಬ್ಯಾಕ್ಟೀರಿಯಾ ಹಾಕಿ, ಅಮೋನಿಯಾ ಕೊಟ್ಟು ಕಲ್ಲನ್ನು ಹದಗೊಳಿಸಿಬಿಟ್ಟರೆ ಕಾದ ದಿನಗಳು ವ್ಯರ್ಥವಾಗವು.

ಪ್ರಶ್ನೆ: ಕಲ್ಲಿನ ಮೇಲೆ ನೇರಳೆ, ಗುಲಾಬಿ ಚುಕ್ಕೆಗಳು ಗಟ್ಟಿಯಾಗಿ ಅಂಟಿಕೊಂಡಿವೆ. ಉಜ್ಜಿದರೂ ಹೋಗುತ್ತಿಲ್ಲ.

ಉತ್ತರ: ಉಜ್ಜುವುದನ್ನು ನಿಲ್ಲಿಸಿ! ಅದು ಕೊರಲೈನ್, ಸುಣ್ಣ ಕಟ್ಟಿಕೊಂಡು ಬೆಳೆಯುವ ಒಳ್ಳೆಯ ಪಾಚಿ. ಅದು ಹಬ್ಬಿದ ಕಡೆ ಕೂದಲು ಪಾಚಿಗೆ ಬೇರೂರಲು ಜಾಗ ಸಿಗುವುದು ಕಷ್ಟ. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಕ್ಷಾರತೆ 8ರಿಂದ 9 ಡಿಕೆಎಚ್, ಮೆಗ್ನೀಷಿಯಂ 1250ರಿಂದ 1350 ಪಿಪಿಎಂ ಏರಿಳಿತವಿಲ್ಲದೆ ಇದ್ದರೆ ತಾನೇ ಹರಡುತ್ತದೆ. ಹಬ್ಬಿದಂತೆಲ್ಲ ಕ್ಷಾರತೆ ಬೇಗ ಖರ್ಚಾಗುತ್ತದೆ, ವಾರಕ್ಕೊಮ್ಮೆ ಅಳೆಯುತ್ತಿದ್ದವರು ಮೂರು ದಿನಕ್ಕೊಮ್ಮೆ ಅಳೆಯಿರಿ. ಗಾಜಿನ ಮೇಲೆ ಬಂದದ್ದನ್ನು ಮಾತ್ರ ಬ್ಲೇಡಿನಿಂದ ಕೆರೆಯಿರಿ. ಉದುರಿದ ಪುಡಿ ಪಕ್ಕದ ಬೋಳು ಕಲ್ಲಿಗೆ ಬೀಜವಾಗುತ್ತದೆ.